ಎಲೆ ಹಾಕಿದ್ದೆಲ್ಲಿ?

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕವನ್ನು ಹಾಸನ ಸೀಮೆಯ ಕ್ರೈಸ್ತರು ಇವತ್ತಿಗೂ ಓದಬೇಕು ಎಂದು ನನಗೆ ಅನ್ನಿಸುತ್ತದೆ. ಅದು ಇಂಡಿಯಾದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳ ಸಂಗ್ರಹ. ಬರೆದವರು ಅಬ್ಬೆ ದುಬ್ವಾ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಈ ಪಾದ್ರಿ 1792ರಲ್ಲಿ ದಕ್ಷಿಣ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದರು. ರುಮಾಲು ಸುತ್ತಿ, ಇಲ್ಲಿನವರಂತೆ ಉಟ್ಟು, ಇಲ್ಲಿನವರ ಊಟ ಉಂಡು ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರಂತೆ. ಸಿಡುಬಿಗೆ ದಾಕು ಹಾಕಿಸುವ ಕೆಲಸವನ್ನು ಊರೂರಿಗೆ ಒಯ್ದರು. ಬಡ ಕ್ರೈಸ್ತ ಕುಟುಂಬಗಳಿಗೆ ಉಳುಮೆಯ ನೆಲೆ ಇರಲೆಂದು ಬೇಸಾಯದ ಊರುಗಳನ್ನು ಕಟ್ಟಿದರು. ಅವುಗಳಲ್ಲಿ ಹೆಸರಾದದ್ದು ಹಾಸನದ ಬಳಿಯ ಸಾತಹಳ್ಳಿ.

ಇಷ್ಟೆಲ್ಲ ಮಾಡಿದ ಮನುಷ್ಯ ಊರಿಗೆ ಮರಳಿದ ವರ್ಷವೇ ಹೊರಬಂದ ಆ ಪತ್ರಗಳಲ್ಲಿ ಸೋತೆನೆಂದು ಬರೆದರು. ಇಷ್ಟು ವರ್ಷಗಳಲ್ಲಿ ತಾನೂ ತನ್ನ ಜೊತೆಗಿದ್ದ ಇಲ್ಲಿನ ಒಬ್ಬ ಪಾದ್ರಿಯೂ ಸೇರಿ ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರರ ನಡುವೆ ಎಂದು ಲೆಕ್ಕ ಕೊಟ್ಟರು. ಆ ಲೆಕ್ಕದ ಒಳಗಿನ ವಿವರ ನನ್ನನ್ನು ಬಹಳ ಕಾಡಿದೆ. ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಅಥವಾ ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಗತಿಯಿಲ್ಲದೆ, ಹೊಸ ನಂಟು ಬೆಳೆಸಲು, ಮುಖ್ಯವಾಗಿ ಮದುವೆಗಾಗಿ ಬಂದವರು. ದುಬ್ವಾ ಇದನ್ನು ಹೇಳುವುದು ತಮ್ಮ ಸೋಲಿನ ಸಾಕ್ಷಿಯಾಗಿ. 

ಆ ಲೆಕ್ಕವನ್ನು ಬೈಬಲಿನ ಪಕ್ಕದಲ್ಲಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಗತಿಯಿಲ್ಲದೆ ಬಂದವರು, ಮದುವೆಯ ನಂಟಿಗಾಗಿ ಬಂದವರು ಎಂಬ ದೂರು ಮೊದಲು ತಗಲುವುದು ರೂತಳಿಗೆ. ಅವಳು ಮೋವಾಬ್ ದೇಶದವಳು. ಗಂಡ ಸತ್ತವಳು, ಮುದಿ ಅತ್ತೆಯ ಹಿಂದೆ ಬೇತ್ಲೆಹೇಮಿಗೆ ಬಂದು ಕೊಯ್ಲಿನವರ ಹಿಂದೆ ತೆನೆ ಆಯ್ದು ಹೊಟ್ಟೆ ಹೊರೆದವಳು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಪ್ರಕಾರ ಮೋವಾಬ್ಯರಿಗೆ ದೇವರ ಸಭೆಯಲ್ಲಿ ಹತ್ತನೆಯ ತಲೆಮಾರಿನವರೆಗೂ ಜಾಗವಿಲ್ಲ. ಕಾರಣವೂ ಅಲ್ಲಿಯೇ ಇದೆ. ಇಸ್ರಾಯೇಲ್ಯರು ಐಗುಪ್ತದಿಂದ ಬರುವಾಗ ಮೋವಾಬ್ಯರು ದಾರಿಯಲ್ಲಿ ಅನ್ನ ನೀರು ಕೊಡಲಿಲ್ಲ. ರೂತಳ ಪುಸ್ತಕ ಬರೆದವನಿಗೆ ಈ ಕಟ್ಟಳೆ ತಿಳಿಯದೇ ಇರಲಾರದು. ಅವನು ಅದನ್ನು ವಾದದಿಂದ ಎದುರಿಸುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೋವಜ ಅವಳನ್ನು ಆಳುಗಳ ಪಕ್ಕಕ್ಕೆ ಕರೆದು ಕೂರಿಸುತ್ತಾನೆ, ಹುಳಿರಸದಲ್ಲಿ ರೊಟ್ಟಿ ಅದ್ದಿಕೊಳ್ಳಲು ಹೇಳುತ್ತಾನೆ, ಹುರಿದ ತೆನೆಯನ್ನು ತಾನೇ ಎತ್ತಿಕೊಡುತ್ತಾನೆ. ಅವಳು ಹೊಟ್ಟೆ ತುಂಬ ಉಂಡು ಮಿಕ್ಕಿದ್ದನ್ನು ಅತ್ತೆಗೆ ಕಟ್ಟಿಕೊಳ್ಳುತ್ತಾಳೆ. ಅನ್ನ ಕೊಡದವರ ಮಗಳಿಗೆ ಅನ್ನ ಬಡಿಸಿದ್ದೇ ಆ ಹಳೆಯ ಕಟ್ಟಳೆಗೆ ಸಿಕ್ಕ ಉತ್ತರ. ಮುಂದೆ ಅವಳು ದಾವೀದನ ಮುತ್ತಜ್ಜಿಯಾದಳು. ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರು ಹಿಡಿದು ಬರೆದ.

ಆದ್ದರಿಂದ ಮದುವೆಯ ನಂಟಿಗಾಗಿ ಬಂದವರು ಎಂಬ ದುಬ್ವಾರ ಮಾತು ನಿಂದೆಯಾಗಿ ನಿಲ್ಲುವುದಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ, ಸತ್ತರೆ ಹೊರುವವರಿಲ್ಲ. ಅಂಥವನು ಒಂದು ಸಭೆಯ ಬಾಗಿಲಿಗೆ ಬಂದು ನಂಟು ಕೇಳಿದರೆ ಅದು ಸಣ್ಣ ಕೇಳಿಕೆಯಲ್ಲ. ಬಂದವನ ಉದ್ದೇಶ ಶುದ್ಧವೇ ಎಂದು ನಾವು ಕೇಳುವುದು ಬಡವ ಬಂದಾಗ ಮಾತ್ರ. ಅರಸೀಕೆರೆಯಲ್ಲಿ 1220ರ ಸುಮಾರಿಗೆ ಸಹಸ್ರಕೂಟ ಜಿನಾಲಯ ಕಟ್ಟಿಸಿದ ರೇಚರಸ ಮೊದಲು ಕಲಚುರ್ಯರ ಮಂತ್ರಿ. ಆ ಅರಸುಮನೆ ಮುಳುಗಿದ ಮೇಲೆ ಹೊಯ್ಸಳ ಬಲ್ಲಾಳನ ಆಶ್ರಯಕ್ಕೆ ಬಂದವನು. ಅವನೂ ಆಸರೆ ಅರಸಿಯೇ ಬಂದಿದ್ದ. ಶಾಸನ ಅವನನ್ನು ವಸುಧೈಕಬಾಂಧವ ಎಂದು ಹೊಗಳಿತು.

ದುಬ್ವಾರ ಪತ್ರಗಳಲ್ಲಿ ಮತ್ತೊಂದು ಪ್ರಸಂಗವಿದೆ. ತಪ್ಪಿಹೋದ ಮಗನ ಸಾಮತಿಯ ಮೇಲೆ ಅವರು ಪ್ರಸಂಗ ಮಾಡಿದರು. ಮಗ ಮರಳಿ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಸಿದ ಎಂದರು. ಪೂಜೆ ಮುಗಿದ ಮೇಲೆ ಕೆಲವರು ಬಂದು, ಕರುವಿನ ಮಾತು ಕೇಳಿ ಜನಕ್ಕೆ ಬಹಳ ಬೇಸರವಾಯಿತು, ಇನ್ನೊಮ್ಮೆ ಈ ಕಥೆ ಹೇಳುವುದಾದರೆ ಕರುವಿನ ಬದಲು ಕುರಿಮರಿ ಎನ್ನಿ ಎಂದು ಬುದ್ಧಿ ಹೇಳಿದರು. ದುಬ್ವಾ ಇದನ್ನು ಬೈಬಲನ್ನು ದೇಶಭಾಷೆಗಳಿಗೆ ತರುವುದರ ವಿರುದ್ಧ ಉದಾಹರಣೆಯಾಗಿ ಬಳಸಿಕೊಂಡರು.

ನನ್ನ ಮಟ್ಟಿಗೆ ಆ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಪುಟವಿಲ್ಲ. ಕೇಳುಗರು ಪಾದ್ರಿಯನ್ನು ತಿದ್ದುತ್ತಾರೆ, ಪಾದ್ರಿ ಅದನ್ನು ಮುಚ್ಚಿಡದೆ ಬರೆಯುತ್ತಾರೆ. ಪರವೂರಿನಿಂದ ಬಂದವನು ಇನ್ನೊಬ್ಬರ ಉಣ್ಣುವ ರೂಢಿಯನ್ನು ಗೌರವಿಸಬೇಕು ಎಂಬುದಕ್ಕೆ ಬೈಬಲಿನಲ್ಲೇ ಆಧಾರವಿದೆ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ಸಭೆ ಸೇರುತ್ತಾರೆ. ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕೆ ಎಂಬುದು ಅಲ್ಲಿನ ಪ್ರಶ್ನೆ. ಬೇಡ ಎಂದು ತೀರ್ಮಾನವಾಗುತ್ತದೆ. ಹಾಗೆಯೇ ವಿಗ್ರಹಕ್ಕೆ ಅರ್ಪಿಸಿದ್ದನ್ನೂ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ತಿನ್ನಬೇಡಿ, ವ್ಯಭಿಚಾರದಿಂದ ದೂರವಿರಿ ಎಂದು ಹೊಸಬರಿಗೆ ಕಾಗದ ಹೋಗುತ್ತದೆ. ಊಟದ ವಿಚಾರದಲ್ಲಿ ಹೊಸಬರು ಒಂದಷ್ಟು ಬಿಟ್ಟುಕೊಡಬೇಕಾಯಿತು, ಹಳಬರು ಸುನ್ನತಿಯಂಥ ದೊಡ್ಡದನ್ನೇ ಬಿಟ್ಟುಕೊಟ್ಟರು. ಇಬ್ಬರೂ ಬಿಟ್ಟುಕೊಟ್ಟಿದ್ದರಿಂದ ಒಂದೇ ಪಂಕ್ತಿಯಲ್ಲಿ ಕೂರಲು ದಾರಿಯಾಯಿತು.

ದುಬ್ವಾರ ಕಾಲದ ಮಿಷನ್ ಮಾಡಿದ ರಿಯಾಯಿತಿ ಬೇರೆ ಬಗೆಯದು. ಬೇರೆ ಬೇರೆ ಜಾತಿಯವರು ತಮ್ಮ ಜಾತಿಯ ಊಟ, ಉಡುಗೆ, ಕೊಟ್ಟುತರುವ ಕಟ್ಟು ಉಳಿಸಿಕೊಂಡೇ ಕ್ರೈಸ್ತರಾಗಬಹುದು ಎಂದು ಅದು ಒಪ್ಪಿಕೊಂಡಿತ್ತು. ದುಬ್ವಾ ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ತಮ್ಮ ಹೆಸರಾಂತ ಗ್ರಂಥದಲ್ಲಿ ಜಾತಿಯ ಏರ್ಪಾಡನ್ನು ಹಿಂದೂ ಶಾಸನಕರ್ತರ ಅತ್ಯುತ್ತಮ ರಚನೆ ಎನ್ನುವಷ್ಟು ಹೊಗಳಿದವರು.  ಜಾತಿಯನ್ನು ಅಷ್ಟು ಮೆಚ್ಚಿದವರ ಸಭೆಯಲ್ಲಿ ಜಾತಿ ಹೊಸ್ತಿಲಾಚೆ ಉಳಿಯಲಿಲ್ಲ. ಯೆರೂಸಲೇಮಿನ ರಿಯಾಯಿತಿ ಜನ ಕೂಡಿ ಉಣ್ಣಲೆಂದು. ನಮ್ಮ ಮಿಷನ್ನಿನ ರಿಯಾಯಿತಿಯಿಂದ ಜನ ಕೂಡಿ ಉಣ್ಣದೆಯೇ ಒಂದೇ ದೇವಾಲಯದಲ್ಲಿ ಮೊಣಕಾಲೂರುವಂತಾಯಿತು. ದುಬ್ವಾರ ಕೆಲಸದ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದು. ಕರುವಿನ ಮಾತಿಗೆ ಬೇಸರಪಟ್ಟವರ ದನಿ ಅವರಿಗೆ ಕೇಳಿಸಿತು, ಅವರ ಪುಸ್ತಕ ಸೇರಿತು. ಮೂರರಲ್ಲಿ ಎರಡು ಪಾಲು ಇದ್ದವರು ಏನು ಹೇಳಿದರೆಂದು ಆ ಪತ್ರಗಳಲ್ಲಿ ಇಲ್ಲ. ಅವರು ಬರುವುದು ಸಂಖ್ಯೆಯಾಗಿ ಮಾತ್ರ.

ಆದರೂ ಸಾತಹಳ್ಳಿಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜ್ಞಾನಸ್ನಾನ ಕೊಟ್ಟು ಕೈತೊಳೆದುಕೊಳ್ಳದೆ, ಬಂದವನಿಗೆ ನೆಲ ಬೇಕು, ಎತ್ತು ಬೇಕು, ಸಿಡುಬಿನಿಂದ ಮಕ್ಕಳು ಉಳಿಯಬೇಕು ಎಂದು ಯೋಚಿಸಿದ ಪಾದ್ರಿ ಅವರು. ಪರದೇಶಿಯನ್ನು ನಿಮ್ಮಲ್ಲಿ ಹುಟ್ಟಿದವನಂತೆಯೇ ಕಾಣಿರಿ ಎಂಬ ಯಾಜಕಕಾಂಡದ 19ನೆಯ ಅಧ್ಯಾಯದ ಕಟ್ಟಳೆ, ಹೊಲದ ಅಂಚಿನ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂಬ ಕಟ್ಟಳೆಯ ಅಧ್ಯಾಯದಲ್ಲೇ ಬರುತ್ತದೆ. ಪ್ರೀತಿಗೆ ಅಲ್ಲಿ ಹೊಲದ ಅಳತೆಯಿದೆ. ಆ ಕಟ್ಟಳೆಯ ಹೊಲದ ಅರ್ಧವನ್ನು ದುಬ್ವಾ ಚೆನ್ನಾಗಿ ಅರಿತಿದ್ದರು. ಅವರ ಹಿಂದೆ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ದೇವಾಲಯವನ್ನು ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಹಿನ್ನೀರು ಅರ್ಧ ಮುಳುಗಿಸುತ್ತದೆ. ನೋಡಲು ಹೋಗುವವರು ಗೋಡೆಯ ಫೋಟೋ ತೆಗೆದುಕೊಂಡು ಬರುತ್ತಾರೆ. ಆ ಗೋಡೆಗಳ ಒಳಗೆ ಯಾರು ಎಲ್ಲಿ ಕೂರುತ್ತಿದ್ದರು ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಸೀಮೆಯಲ್ಲಿ ಹೊರಗಿನವರನ್ನು ಒಳಗೆ ಕರೆದ ಚರಿತ್ರೆ ಕ್ರೈಸ್ತರಿಂದ ಶುರುವಾದದ್ದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಬಗ್ಗೆ ಲೂಯಿಸ್ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದ ಎರಡು ಸಂಗತಿಗಳನ್ನು ನೋಡಿ. ರಾಮಾನುಜರಿಗೆ ನೆರವಾದರೆಂದು ತಿರುಕುಲದವರೆನಿಸಿಕೊಂಡ ಹೊಲೆಯರಿಗೆ ವರ್ಷದಲ್ಲಿ ಮೂರು ದಿನ ಮೇಲುಕೋಟೆಯಲ್ಲಿ, ಮೂರು ದಿನ ಬೇಲೂರಿನಲ್ಲಿ ಗುಡಿಯ ಒಳಗೆ ಬರುವ ಹಕ್ಕು ಇತ್ತು. ಇನ್ನೊಂದು, ಕೇಶವನ ಪಾದರಕ್ಷೆಯದು. ದೇವಿ ಬಾಬಾಬುಡನ್ ಗಿರಿಯಲ್ಲೇ ಉಳಿದುಬಿಟ್ಟಳು, ದೇವರು ಅವಳನ್ನು ನೋಡಲು ಗಿರಿಗೆ ನಡೆದುಹೋಗುತ್ತಾನೆ, ನಡೆದೂ ನಡೆದೂ ಪಾದರಕ್ಷೆ ಸವೆಯುತ್ತದೆ. ಸವೆದದ್ದು ಚನ್ನಗಿರಿ, ಬಸವಾಪಟ್ಟಣಗಳ ಮಾದಿಗರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಜೋಡು ಮಾಡಿ ತರುತ್ತಾರೆ. ಅದನ್ನು ಒಪ್ಪಿಸಲು ಮಾತ್ರ ಅವರಿಗೆ ಗುಡಿಯ ಅಂಗಳದೊಳಕ್ಕೆ ಪ್ರವೇಶ.

ಈ ಕಥೆಯ ಸೊಬಗಿಗೆ ನಾನು ಮಣಿಯುತ್ತೇನೆ. ದೇವರು ಪೂಜಾರಿಯನ್ನು ಬಿಟ್ಟು ಚಮ್ಮಾರನ ಕನಸಿಗೆ ಬರುತ್ತಾನೆ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶ್ರವಣಬೆಳಗೊಳದ ಶಾಸನದಲ್ಲೂ ಶ್ರೀವೈಷ್ಣವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲ (ಎಂದರೆ ಹೊಲೆಯರು, ಮಾದಿಗರು) ಎಂಬ ಹೆಸರುಗಳಿವೆ. ಆ ಕಾಲದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಮೂರು ದಿನಕ್ಕೆ ತೆರೆದ ಬಾಗಿಲು ನಾಲ್ಕನೆಯ ದಿನ ಮುಚ್ಚುತ್ತದೆ. ಕನಸು ಕಂಡವನು ಅಂಗಳದಿಂದಲೇ ಹಿಂದಿರುಗುತ್ತಾನೆ. ಅಂಚಿನಲ್ಲಿ ಕೊಟ್ಟ ಗೌರವವನ್ನು ಯಾರಾದರೂ ಯಾವಾಗಲಾದರೂ ಪ್ರಶ್ನಿಸಬಹುದು. ಬೇಲೂರಿನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ರೂಢಿಗೆ 2022ರಲ್ಲಿ, ಮತ್ತೆ 2023ರಲ್ಲಿ ಎದ್ದ ಆಕ್ಷೇಪವನ್ನು ನಾವೆಲ್ಲ ಕಂಡಿದ್ದೇವೆ.

ಹಳೇಬೀಡಿನ 1638ರ ಶಾಸನ ಇನ್ನೂ ತೊಡಕಿನದು. 1133ರಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ ಕಟ್ಟಿಸಿದ ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಹುಚ್ಚಪ್ಪದೇವ ಎಂಬವನು ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಜಗಳ ಬೆಳೆಯಿತು. ವೀರಶೈವ ಹಿರಿಯರು ಸೇರಿ ತೀರ್ಪು ಕೊಟ್ಟರು: ಮೊದಲು ವಿಭೂತಿ ವೀಳ್ಯ ಸಲ್ಲಬೇಕು, ಆಮೇಲೆ ಜೈನರು ಹಿಂದಿನಂತೆ ತಮ್ಮ ಪೂಜೆ ನಡೆಸಿಕೊಳ್ಳಬಹುದು; ಅದಕ್ಕೆ ಅಡ್ಡಬಂದವನು ಶಿವದ್ರೋಹಿ. ಐನೂರು ವರ್ಷದಿಂದ ಆ ಮನೆಯಲ್ಲಿದ್ದವರು ತಮ್ಮ ಮನೆಯಲ್ಲೇ ಅತಿಥಿಗಳಾದರು. ಇದು ನ್ಯಾಯವಲ್ಲ. ಆದರೆ ಬಲವಿದ್ದವರು ಬಲವಿಲ್ಲದವರ ರಕ್ಷಣೆಗೆ ತಮ್ಮ ದೇವರ ಹೆಸರನ್ನೇ ಒತ್ತೆಯಿಟ್ಟರಲ್ಲ, ಆ ಭಾಗಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಎಷ್ಟು ಸಭೆಗಳು, ಹೊಸಬನನ್ನು ಕೀಳಾಗಿ ಕಂಡವನು ಕ್ರಿಸ್ತದ್ರೋಹಿ ಎಂದು ಬರೆದುಕೊಟ್ಟಿವೆ?

ಬೇಲೂರಿನ ಪಾದರಕ್ಷೆಯ ಕಥೆ ಓದಿದವರು ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯವನ್ನು ಮತ್ತೆ ಓದಬೇಕು. ಪೇತ್ರ ಆಗ ಯೊಪ್ಪದಲ್ಲಿ ಕಡಲ ಬದಿಯ ಒಂದು ಮನೆಯಲ್ಲಿ ಉಳಿದಿದ್ದಾನೆ. ಆ ಮನೆ ತೊಗಲು ಹದಮಾಡುವ ಸಿಮೋನನದು. ಸತ್ತ ಪ್ರಾಣಿಯ ತೊಗಲು ಮುಟ್ಟುವವನನ್ನು ಯೆಹೂದ್ಯರು ಮೈಲಿಗೆಯವನೆಂದೇ ಎಣಿಸುತ್ತಿದ್ದರು. ಮಧ್ಯಾಹ್ನ ಹಸಿವಾಗಿದೆ, ಕೆಳಗೆ ಅಡುಗೆ ಆಗುತ್ತಿದೆ, ಪೇತ್ರ ಮಾಳಿಗೆಯ ಮೇಲೆ ಪ್ರಾರ್ಥನೆಗೆ ಕೂತಿದ್ದಾನೆ. ಆಗ ನಾಲ್ಕು ಮೂಲೆಗಳಿಂದ ಇಳಿಬಿಟ್ಟ ಜೋಳಿಗೆಯಂಥ ಬಟ್ಟೆ, ಅದರೊಳಗೆ ಎಲ್ಲ ಬಗೆಯ ಪ್ರಾಣಿಗಳು, ಕೊಯ್ದು ತಿನ್ನು ಎಂಬ ಧ್ವನಿ. ನಾನು ಮೈಲಿಗೆಯಾದದ್ದನ್ನು ಎಂದೂ ತಿಂದವನಲ್ಲ ಎನ್ನುತ್ತಾನೆ ಪೇತ್ರ. ದೇವರು ಮಡಿ ಮಾಡಿದ್ದನ್ನು ಮೈಲಿಗೆ ಎನ್ನಬೇಡ ಎಂದು ಉತ್ತರ ಬರುತ್ತದೆ. ಮೂರು ಸಲ. ಅಷ್ಟರಲ್ಲಿ ರೋಮ್ ಸೈನ್ಯದ ಅಧಿಕಾರಿ ಕೊರ್ನೇಲ್ಯ ಕಳಿಸಿದ ಆಳುಗಳು ಬಾಗಿಲಲ್ಲಿ ನಿಂತು ಕೂಗುತ್ತಾರೆ.

ಮೈಲಿಗೆ ಎಂದರೇನು ಎಂಬ ಪಾಠ ಪೇತ್ರನಿಗೆ ದೇವಾಲಯದಲ್ಲಿ ಆಗಲಿಲ್ಲ, ತೊಗಲು ಹದಮಾಡುವವನ ಮಾಳಿಗೆಯ ಮೇಲೆ ಆಯಿತು. ಬೇಲೂರಿನ ಕಥೆಯಲ್ಲಿ ಕನಸು ಚಮ್ಮಾರನಿಗೆ, ಪ್ರವೇಶ ಅಂಗಳದವರೆಗೆ. ಇಲ್ಲಿ ದರ್ಶನ ಮಡಿಯವನಿಗೆ, ಬದಲಾಗಬೇಕಾದವನೂ ಅವನೇ. ಪೇತ್ರ ಆ ರಾತ್ರಿ ಬಂದವರನ್ನು ಒಳಗೆ ಕರೆದು ಮಲಗಿಸುತ್ತಾನೆ, ಮರುದಿನ ಅವರ ಜೊತೆ ಹೊರಟು ಕೊರ್ನೇಲ್ಯನ ಮನೆಯ ಒಳಗೆ ಹೋಗುತ್ತಾನೆ, ಕೆಲವು ದಿನ ಅಲ್ಲಿಯೇ ಉಳಿಯುತ್ತಾನೆ. ಯೆರೂಸಲೇಮಿಗೆ ಮರಳಿದಾಗ ಅವನ ಮೇಲೆ ಬಂದ ದೂರು ಏನು ಎಂಬುದನ್ನು ನಮ್ಮ ಪ್ರಸಂಗಗಳು ಹಾರಿಸಿಬಿಡುತ್ತವೆ. ಸುನ್ನತಿಯಿಲ್ಲದವರಿಗೆ ಯಾಕೆ ದೀಕ್ಷಾಸ್ನಾನ ಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಅವರ ಮನೆಗೆ ಹೋಗಿ ಅವರೊಂದಿಗೆ ಉಂಡೆಯಲ್ಲ ಎಂದು ಕೇಳಿದರು. ಹೊರಗಿನವನು ನಮ್ಮ ದೇವರನ್ನು ನಂಬಿದರೆ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗುವುದು ಅವನ ಪಕ್ಕದಲ್ಲಿ ಎಲೆ ಹಾಕಿದಾಗ.

ಪೇತ್ರನೂ ಜಾರಿದ. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರೊಂದಿಗೆ ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಮೇಲೆ ಪಂಕ್ತಿ ಬಿಟ್ಟು ಎದ್ದ. ಬಾರ್ನಬನೂ ಎದ್ದ. ಪೌಲ ಎಲ್ಲರೆದುರು ಮುಖಕ್ಕೆ ಹೊಡೆದಂತೆ ಖಂಡಿಸಿದ. ಬೈಬಲಿನಲ್ಲಿ ನನಗೆ ನಂಬಿಕೆ ಗಟ್ಟಿಯಾಗುವುದು ಇಂಥ ಪುಟಗಳಿಂದ. ಎಜ್ರ ಪರದೇಶದ ಹೆಂಡತಿಯರನ್ನು ಕಳಿಸಿಬಿಡಿ ಎಂದದ್ದೂ, ನೆಹೆಮೀಯನ ಪುಸ್ತಕ ಮೋವಾಬ್ಯರ ಆ ಹಳೆಯ ಕಟ್ಟಳೆಯನ್ನು ಮತ್ತೆ ಎತ್ತಿದ್ದೂ ಅದೇ ಬೈಬಲಿನಲ್ಲಿವೆ. ಪರದೇಶಿಗಳಿಗೂ ನಪುಂಸಕರಿಗೂ ದೇವರ ಆಲಯದಲ್ಲಿ ಜಾಗವಿದೆ ಎಂದ ಯೆಶಾಯನ 56ನೆಯ ಅಧ್ಯಾಯವೂ ಅದರಲ್ಲೇ ಇದೆ. ಹೊರಗಿನವರ ವಿಚಾರದಲ್ಲಿ ಬೈಬಲ್ ಒಂದೇ ಮಾತು ಆಡುತ್ತದೆ ಎನ್ನುವವರು ಅದನ್ನು ಪೂರ್ತಿ ಓದಿಲ್ಲ. ಒಳಗೇ ಜಗಳವಿದೆ. ಆ ಜಗಳದಲ್ಲಿ ಯೇಸು ಯಾವ ಕಡೆ ಕೂತು ಉಂಡ ಎಂಬುದರ ಬಗ್ಗೆ ಮಾತ್ರ ಅನುಮಾನವಿಲ್ಲ.

ಯೆರೂಸಲೇಮಿನ ದೇವಾಲಯದಲ್ಲಿ ಪರಜನಾಂಗದವರು ದಾಟಬಾರದ ಗೋಡೆಯಿತ್ತು. ದಾಟಿದವನ ಸಾವಿಗೆ ಅವನೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲು 1871ರಲ್ಲಿ ಸಿಕ್ಕಿತು. ಶಾಸನಗಳ ನಾಡಿನವರಾದ ನಮಗೆ ಆ ಕಲ್ಲಿನ ತೂಕ ತಿಳಿಯುತ್ತದೆ. ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯ, ಅಡ್ಡಗೋಡೆಯನ್ನು ಕ್ರಿಸ್ತ ಕೆಡವಿದ ಎಂದು ಹೇಳುವಾಗ ಆ ಗೋಡೆಯನ್ನೇ ನೆನೆದಿರಬೇಕು ಎನ್ನುತ್ತಾರೆ ಅನೇಕ ವಿದ್ವಾಂಸರು. ಗೋಡೆ ಕೆಡವಿದ ಮೇಲೆ ಸಭೆಯ ಒಳಗೆ ಹೊಸ ಗೋಡೆಗಳನ್ನು ಕಟ್ಟಿದ್ದು ನಾವು.

ಹೊಸ ಗೋಡೆ ಎಂದರೆ ಹಳೆಯ ಕಥೆಯಲ್ಲ. ಭಾರತದ ಕಥೋಲಿಕ ಬಿಷಪರ ಮಂಡಲಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಧರ್ಮಸಭೆಯ ಒಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ದೊಡ್ಡ ಮಾತು. ಹಾಗೆಯೇ 1950ರ ಪರಿಶಿಷ್ಟ ಜಾತಿ ಆದೇಶದಿಂದ ಹೊರಗುಳಿದ ದಲಿತ ಕ್ರೈಸ್ತರಿಗೆ ನ್ಯಾಯ ಬೇಕೆಂದು ಸಭೆಗಳು ದಶಕಗಳಿಂದ ಕೇಳುತ್ತಿವೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡದ್ದಾಗಿದೆ. ಈ ಪ್ರಶ್ನೆ ನೋಡಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ಆ ಬೇಡಿಕೆ ನ್ಯಾಯವಾದದ್ದು, ನಾನು ಅದರ ಪರ. ಆದರೆ ಸರ್ಕಾರದ ಮುಂದೆ ನಿಂತು ನಮ್ಮ ದಲಿತ ಬಂಧುಗಳು ಇನ್ನೂ ಜಾತಿಯ ನೋವು ಉಣ್ಣುತ್ತಿದ್ದಾರೆ ಎನ್ನುವಾಗ, ಆ ನೋವಿನಲ್ಲಿ ನಮ್ಮ ಪಾಲು ಎಷ್ಟು ಎಂದು ನಾವು ಹೇಳಲೇಬೇಕು. ಸಭೆಯ ಊಟದಲ್ಲಿ ಈಗ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬಹುದು. ಗಂಡು ಹೆಣ್ಣಿನ ಮಾತು ಬಂದಾಗ ಮಾತ್ರ ಯಾರ ಪೈಕಿ, ಯಾವ ಕಡೆಯವರು ಎಂಬ ವಿಚಾರಣೆ ಇವತ್ತಿಗೂ ಶುರುವಾಗುತ್ತದೆ. ದುಬ್ವಾ ತಮ್ಮ ಲೆಕ್ಕದಲ್ಲಿ ನಿಂದೆಯಾಗಿ ಬರೆದ ಆ ಮದುವೆಯ ನಂಟನ್ನು ಬಂದವರಿಗೆ ನಾವು ಇನ್ನೂ ಕೊಟ್ಟು ಮುಗಿಸಿಲ್ಲ.

ಹಾಸನ ಜಿಲ್ಲೆಯ ಧರ್ಮಕೇಂದ್ರಗಳ ಗುರುಗಳಲ್ಲಿ, ಅರಸೀಕೆರೆ, ಬೇಲೂರು ಕಡೆಯ ಸಭಾಪಾಲಕರಲ್ಲಿ ನನ್ನದೊಂದು ಕೋರಿಕೆ. ಪ್ರಸಂಗದಲ್ಲಿ ಕೊರ್ನೇಲ್ಯನ ಕಥೆ ಬಂದಾಗ 10ನೆಯ ಅಧ್ಯಾಯಕ್ಕೆ ನಿಲ್ಲಿಸಬೇಡಿ, 11ನೆಯ ಅಧ್ಯಾಯದ ಆ ದೂರನ್ನೂ ಓದಿ, ಗಲಾತ್ಯ 2ನ್ನೂ ಓದಿ. ಜಾತಿ ಮೀರಿ ಮದುವೆಯಾಗುವ ಹುಡುಗ ಹುಡುಗಿ ನಿಮ್ಮ ಬಳಿ ಬಂದರೆ ಹಿರಿಯರು ಒಪ್ಪಲಿ ಎಂದು ಕಾಯಬೇಡಿ. ಎಲ್ಲರಂತೆ ಅವರ ಪ್ರಕಟಣೆ ಓದಿ, ಭಾನುವಾರದ ಪೂಜೆಯಲ್ಲಿ ತುಂಬಿದ ಸಭೆಯ ಮುಂದೆ ನಿಲ್ಲಿಸಿ ಮದುವೆ ಮಾಡಿಸಿ. ಆ ಮದುವೆಯ ಊಟಕ್ಕೆ ಸಭೆಯ ಹಿರಿಯರನ್ನು ಕರೆದುಕೊಂಡು ನೀವೇ ಮೊದಲು ಹೋಗಿ ಕೂತುಕೊಳ್ಳಿ.